ವಿದೇಶದಲ್ಲಿ ಕಟ್ಟಿದ ತೆರಿಗೆ ವಾಪಸ್ ತರುವುದು ಹೇಗೆ? ದಾವಣಗೆರೆಯಿಂದ ಟೂರ್ ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ನಾನು 45 ಡಾಲರ್ ಕಳೆದುಕೊಂಡೆ. ಯಾರೂ ಜೇಬು ಕತ್ತರಿಸಲಿಲ್ಲ. ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿದ್ದೆ. ಬಿಲ್ಲು ಮಡಚಿ ಪರ್ಸಿನಲ್ಲಿ ಜೋಪಾನ ಮಾಡಿದ್ದೆ. ಆದರೆ ಸೂಟ್‌ಕೇಸನ್ನು ಮೊದಲು ಏರ್‌ಲೈನ್ ಕೌಂಟರಿಗೆ ಕೊಟ್ಟು, ಆಮೇಲೆ ರಿಫಂಡ್ ಯಂತ್ರದ ಮುಂದೆ ಹೋಗಿ ನಿಂತೆ. ಸಾಮಾನು ತೆಗೆದುಕೊಂಡು ಕಸ್ಟಮ್ಸ್ ಕೌಂಟರಿಗೆ ಬನ್ನಿ ಅಂತ ಪರದೆ ಮೇಲೆ ಬಂತು. ಸಾಮಾನು ಎಲ್ಲಿದೆ? ಬೆಲ್ಟಿನ ಮೇಲೆ ಮಲಗಿಕೊಂಡು ವಿಮಾನದ ಹೊಟ್ಟೆಗೆ ಹೊರಟಿದೆ. 545 ಡಾಲರಿನ ಚೀಲ, ಶೂ, ಕುಕ್ಕರ್ ಸೆಟ್ಟಿನ ತೆರಿಗೆಯನ್ನು ಅಲ್ಲೇ ಬಿಟ್ಟು ಬಂದೆ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಮೂರು ಸಾವಿರ ರೂಪಾಯಿ.

ನಾಚಿಕೆ ಏನಂದರೆ, ದಾವಣಗೆರೆಯಲ್ಲಿ ಜಿಎಸ್‌ಟಿ ರಿಟರ್ನ್ ತುಂಬುವುದೇ ನನ್ನ ಹೊಟ್ಟೆಪಾಡು. ಮಂಡಿಪೇಟೆ, ಚೌಕಿಪೇಟೆ ಅಂಗಡಿಯವರ ಬಿಲ್ಲು ನೋಡಿ ನೋಡಿ ಕಣ್ಣಿಗೆ ಕನ್ನಡಕ ಬಂದಿದೆ. "ಊರಿಗೆಲ್ಲಾ ರಿಫಂಡ್ ಕೊಡಿಸ್ತೀರಿ, ಮನೇದು ಹೋಯ್ತಲ್ರೀ" ಅಂತ ಮನೆಯವರು ಬೆಂಗಳೂರು ಮುಟ್ಟುವ ತನಕ ಹೇಳಿದ್ದೇ ಹೇಳಿದ್ದು.

ಆ ಕಥೆ ಹೇಗೋ ಮಂಡಿಪೇಟೆಗೆ ಗೊತ್ತಾಯಿತು. ಈಗ ದುಬೈ, ಬ್ಯಾಂಕಾಕ್, ಯುರೋಪ್ ಅಂತ ಹೊರಟವರೆಲ್ಲ ಒಂದು ಸಲ ಆಫೀಸಿಗೆ ಬಂದು "ಸಾರ್, ಆ ಟ್ಯಾಕ್ಸ್ ವಾಪಸ್ ಕೊಡ್ತಾರಂತಲ್ಲ, ಹೆಂಗೆ?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ಇದು ಯಾವ ದುಡ್ಡು?

ಜಿಎಸ್‌ಟಿ, ವ್ಯಾಟ್ ಇವೆಲ್ಲ ಆ ದೇಶದೊಳಗೆ ಬಳಸುವ ಸಾಮಾನಿನ ಮೇಲೆ ಹಾಕುವ ತೆರಿಗೆ. ಸಾಮಾನು ದೇಶ ಬಿಟ್ಟು ಹೊರಗೆ ಹೋದರೆ ಅದು ರಫ್ತು. ನಮ್ಮಲ್ಲಿ ರಫ್ತು ಮಾಡುವವರಿಗೆ ತೆರಿಗೆ ವಾಪಸ್ ಬರುತ್ತದೆ ಅಲ್ವಾ, ಅದೇ ಲೆಕ್ಕ. ಸೂಟ್‌ಕೇಸಿನಲ್ಲಿ ಸಾಮಾನು ತುಂಬಿಕೊಂಡು ಹೊರಟ ಪ್ರವಾಸಿಯೂ ಒಬ್ಬ ಚಿಕ್ಕ ರಫ್ತುದಾರ.

ಇದು ಅರ್ಥವಾದರೆ ಮುಂದಿನ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಹೋಟೆಲ್ ರೂಮು, ಊಟ, ಟ್ಯಾಕ್ಸಿ, ಟಿಕೆಟ್ಟಿನ ಮೇಲಿನ ತೆರಿಗೆ ಸಿಗುವುದಿಲ್ಲ. ಅವನ್ನು ಅಲ್ಲೇ ಅನುಭವಿಸಿ ಮುಗಿಸಿದ್ದೀರಿ, ಹೊರಗೆ ಒಯ್ಯುತ್ತಿಲ್ಲ. ಸಾಮಾನು ಕಣ್ಣಿಗೆ ತೋರಿಸಿ ಅಂತ ಕಸ್ಟಮ್ಸ್‌ನವರು ಕೇಳುವುದೂ ಇದಕ್ಕೇ. ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಯ ಬಿಲ್ಲಿಗೆ ರಿಫಂಡ್ ಇಲ್ಲ, ಅಲ್ಲಿ ತೆರಿಗೆಯನ್ನೇ ಹಾಕಿರುವುದಿಲ್ಲ.

ನಮ್ಮ ದೇಶದಲ್ಲಿ? 2017ರ ಐಜಿಎಸ್‌ಟಿ, ಅಂದರೆ ಸಮಗ್ರ ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ ವಿದೇಶಿ ಪ್ರವಾಸಿಗರಿಗೆ ರಿಫಂಡ್ ಕೊಡುವ ಮಾತು ಇದೆ. ಆದರೆ ಅದು ಪುಸ್ತಕದಲ್ಲೇ ಉಳಿದಿದೆ. ಚಿತ್ರದುರ್ಗದ ಕೋಟೆ ನೋಡಲು ಬಂದ ವಿದೇಶಿಯರು ಮೊಳಕಾಲ್ಮೂರು ರೇಷ್ಮೆ ಸೀರೆ ಕೊಂಡರೆ ಅವರಿಗೆ ಏನೂ ವಾಪಸ್ ಬರುವುದಿಲ್ಲ. ಬರುವಂತಾದರೆ ನೇಕಾರರಿಗೆ ಒಳ್ಳೆಯದೇ. ಇರಲಿ.

ಮೊದಲ ಹೆಜ್ಜೆ: ಟೂರಿನ ಪಟ್ಟಿ ಹಿಡಿದು ಕೂತುಕೊಳ್ಳಿ

ಬಹಳಷ್ಟು ದುಡ್ಡು ಹೋಗುವುದು ವಿಮಾನ ನಿಲ್ದಾಣದಲ್ಲಲ್ಲ, ಇಲ್ಲಿ. ಯಾವ ದೇಶದಲ್ಲಿ ಏನು ಕೊಳ್ಳಬೇಕು, ಯಾವ ದೇಶದಿಂದ ವಿಮಾನ ಹತ್ತುತ್ತೀರಿ ಅನ್ನುವುದನ್ನು ಊರಲ್ಲೇ ನೋಡಿಕೊಳ್ಳಬೇಕು.

ಸಿಂಗಪುರ-ಮಲೇಷ್ಯಾ ಪ್ಯಾಕೇಜನ್ನೇ ತೆಗೆದುಕೊಳ್ಳಿ. ನಮ್ಮ ಕಡೆಯ ಗುಂಪುಗಳು ಮೊದಲು ಸಿಂಗಪುರ ನೋಡುತ್ತವೆ. ಆಮೇಲೆ ಬಸ್ಸಿನಲ್ಲಿ ಗಡಿ ದಾಟಿ, ಕೌಲಾಲಂಪುರದಿಂದ ವಿಮಾನ ಹತ್ತುತ್ತವೆ. ಹೀಗಾದರೆ ಸಿಂಗಪುರದ ರಿಫಂಡ್ ಕೈಬಿಟ್ಟ ಹಾಗೆಯೇ. ರಸ್ತೆಯ ಗಡಿಯಲ್ಲಿ ರಿಫಂಡ್ ಕೊಡುವುದಿಲ್ಲ. ಮಲೇಷ್ಯಾದಲ್ಲಿ 2018ರಲ್ಲಿ ಜಿಎಸ್‌ಟಿ ತೆಗೆದಾಗ ಪ್ರವಾಸಿಗರ ರಿಫಂಡೂ ಹೋಯಿತು. ಅದೇ ಟೂರು ಉಲ್ಟಾ ಇದ್ದರೆ, ಅಂದರೆ ಮೊದಲು ಮಲೇಷ್ಯಾ, ಕೊನೆಗೆ ಚಾಂಗಿಯಿಂದ ವಿಮಾನ ಅಂತಿದ್ದರೆ, ಸಿಂಗಪುರದಲ್ಲಿ ಕೊಂಡಿದ್ದಕ್ಕೆ ರಿಫಂಡ್ ಸಿಗುತ್ತದೆ. ಬುಕ್ ಮಾಡುವಾಗಲೇ ಏಜೆಂಟರನ್ನು ಕೇಳಿ.

ಇನ್ನೊಂದು ಪ್ಯಾರಿಸ್-ಸ್ವಿಟ್ಜರ್ಲೆಂಡ್-ಇಟಲಿ ಟೂರು. ಯುರೋಪಿಯನ್ ಒಕ್ಕೂಟದೊಳಗೆ ಎಷ್ಟು ದೇಶ ತಿರುಗಿದರೂ ಕೊನೆಗೆ ಒಕ್ಕೂಟ ಬಿಡುವ ಜಾಗದಲ್ಲಿ, ಅಂಗಡಿಯವರು ಕೊಟ್ಟ ರಿಫಂಡ್ ಫಾರ್ಮಿಗೆ ಒಂದೇ ಸಲ ಕಸ್ಟಮ್ಸ್ ಸೀಲು ಸಾಕು. ಪ್ಯಾರಿಸ್‌ನಲ್ಲಿ ಕೊಂಡಿದ್ದಕ್ಕೆ ರೋಮ್‌ನಲ್ಲಿ ಸೀಲು ಹಾಕಿಸಬಹುದು. ಆದರೆ ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿ ಇಲ್ಲ. ವೀಸಾ ಒಂದೇ ಆದ್ದರಿಂದ ಎಲ್ಲಾ ಒಂದೇ ಅಂದುಕೊಳ್ಳುತ್ತೇವೆ. ಟೂರು ಜ್ಯೂರಿಕ್‌ನಲ್ಲಿ ಮುಗಿದು ಅಲ್ಲಿಂದಲೇ ವಿಮಾನ ಹತ್ತುವಿರಾದರೆ, ಪ್ಯಾರಿಸ್ ಸಾಮಾನಿಗೆ ಸೀಲು ಬೀಳಬೇಕಾದದ್ದು ಸ್ವಿಟ್ಜರ್ಲೆಂಡ್ ಗಡಿ ದಾಟುವಾಗ. 40 ಜನರ ಬಸ್ಸನ್ನು ನಿಮ್ಮ ಒಂದು ಚೀಲಕ್ಕಾಗಿ ಗಡಿಯಲ್ಲಿ ನಿಲ್ಲಿಸುತ್ತಾರಾ? ಅಂಥ ಟೂರಿನಲ್ಲಿ ದೊಡ್ಡ ಖರೀದಿಯನ್ನು ಸ್ವಿಟ್ಜರ್ಲೆಂಡ್‌ಗೇ ಇಟ್ಟುಕೊಳ್ಳಿ.

ರಿಫಂಡ್ ಇಲ್ಲದ ಕಡೆಗಳೂ ಇವೆ. ಬ್ರಿಟನ್ 2021ರ ಜನವರಿ 1ರಿಂದ ನಿಲ್ಲಿಸಿದೆ. ಲಂಡನ್ನಿಗೆ ಹೋದರೆ ಥೇಮ್ಸ್ ದಡದ ಬಸವಣ್ಣನವರ ಪ್ರತಿಮೆಗೆ ಕೈಮುಗಿದು ಬನ್ನಿ, ರಿಫಂಡ್ ಕೌಂಟರ್ ಹುಡುಕಬೇಡಿ. ಕೆನಡಾ 2007ರಲ್ಲೇ ನಿಲ್ಲಿಸಿತು. ಅಮೆರಿಕದಲ್ಲಿ ಇಡೀ ದೇಶಕ್ಕೆ ಅಂತ ಇಂಥ ವ್ಯವಸ್ಥೆ ಇಲ್ಲ, ಅಲ್ಲಿನ ಸೇಲ್ಸ್ ಟ್ಯಾಕ್ಸ್ ರಾಜ್ಯಗಳದ್ದು. ಮಗಳ ಮನೆಗೆ ಅಮೆರಿಕಕ್ಕೆ ಹೋದವರು ಓರೆಗಾನ್, ಡೆಲವೇರ್ ಕಡೆ ಹೋಗುವುದಿದ್ದರೆ ಖರೀದಿ ಅಲ್ಲೇ ಮಾಡಿ, ಅಲ್ಲಿ ಸೇಲ್ಸ್ ಟ್ಯಾಕ್ಸೇ ಇಲ್ಲ.

ಎಲ್ಲಿ ಎಷ್ಟು?

ಸಿಂಗಪುರದಲ್ಲಿ 2024ರಿಂದ ಜಿಎಸ್‌ಟಿ ಶೇ 9. ತೆರಿಗೆ ಸೇರಿ ಕನಿಷ್ಠ 100 ಡಾಲರ್ ಖರೀದಿ ಆಗಬೇಕು. ಒಂದೇ ಅಂಗಡಿಯ ಅದೇ ದಿನದ ಮೂರು ಬಿಲ್ಲುಗಳನ್ನು ಸೇರಿಸಿ 100 ಮಾಡಬಹುದು. ಕೊಂಡ ಎರಡು ತಿಂಗಳೊಳಗೆ ಹೊರಡಬೇಕು.

ದುಬೈಯಲ್ಲಿ ವ್ಯಾಟ್ ಶೇ 5, ಕನಿಷ್ಠ 250 ದಿರ್ಹಾಂ, ಗಡುವು 90 ದಿನ. ಕಟ್ಟಿದ ತೆರಿಗೆಯಲ್ಲಿ ಶೇ 87ನ್ನು ಕೊಡುತ್ತಾರೆ. ಅದರಲ್ಲೂ ಪ್ರತಿ ಬಿಲ್ಲಿಗೆ 4.80 ದಿರ್ಹಾಂ ಮುರಿದುಕೊಳ್ಳುತ್ತಾರೆ. 2,100 ದಿರ್ಹಾಂ ಬಿಲ್ಲಿನಲ್ಲಿ ತೆರಿಗೆ 100. ಕೈಗೆ ಬರುವುದು 82 ದಿರ್ಹಾಂ 20 ಫಿಲ್ಸ್.

ಥಾಯ್ಲೆಂಡ್‌ನಲ್ಲಿ ಶೇ 7. ಒಂದು ಅಂಗಡಿಯಲ್ಲಿ ಒಂದು ದಿನಕ್ಕೆ ಕನಿಷ್ಠ 2,000 ಬಾತ್ ಆಗಬೇಕು, 60 ದಿನದೊಳಗೆ ಸಾಮಾನು ಹೊರಗೆ ಹೋಗಬೇಕು. ಆಸ್ಟ್ರೇಲಿಯಾದಲ್ಲಿ ಶೇ 10. ಒಂದೇ ವ್ಯಾಪಾರಿಯಿಂದ 300 ಡಾಲರ್ ಖರೀದಿ, 60 ದಿನ. ಜಪಾನ್‌ನಲ್ಲಿ ಇಷ್ಟು ದಿನ ಅಂಗಡಿಯಲ್ಲೇ ಪಾಸ್‌ಪೋರ್ಟ್ ನೋಡಿ ಶೇ 10ರಷ್ಟು ತೆರಿಗೆ ಬಿಟ್ಟು ಬಿಲ್ಲು ಹಾಕುತ್ತಿದ್ದರು. 2026ರ ನವೆಂಬರ್ 1ರಿಂದ ಅಲ್ಲೂ ಮೊದಲು ಕಟ್ಟಿ ಆಮೇಲೆ ವಾಪಸ್ ಪಡೆಯುವ ಪದ್ಧತಿ.

ಯುರೋಪಿನಲ್ಲಿ ತೆರಿಗೆ ಜಾಸ್ತಿ, ಹಾಗಾಗಿ ರಿಫಂಡೂ ಜಾಸ್ತಿ. ಫ್ರಾನ್ಸ್ ಶೇ 20, ಖರೀದಿ 100 ಯೂರೊ ದಾಟಬೇಕು. ಇಟಲಿ ಶೇ 22, 2024ರ ಫೆಬ್ರವರಿಯಿಂದ ಮಿತಿ 70 ಯೂರೊಗೆ ಇಳಿದಿದೆ. ಜರ್ಮನಿ ಶೇ 19, ಖರೀದಿ 50 ಯೂರೊ ದಾಟಿದರೆ ಸಾಕು. ಸ್ಪೇನ್ ಶೇ 21, ಕನಿಷ್ಠ ಮಿತಿಯೇ ಇಲ್ಲ. ಸ್ವಿಟ್ಜರ್ಲೆಂಡ್ ಶೇ 8.1, 300 ಫ್ರಾಂಕ್. ಒಕ್ಕೂಟದ ದೇಶಗಳಲ್ಲಿ ಕೊಂಡ ತಿಂಗಳು ಬಿಟ್ಟು ಮುಂದಿನ ಮೂರು ತಿಂಗಳು ಮುಗಿಯುವುದರೊಳಗೆ ಸಾಮಾನು ಹೊರಗೆ ಹೋಗಬೇಕು. ಮೇ 12ರಂದು ಕೊಂಡರೆ ಆಗಸ್ಟ್ 31ರ ತನಕ ಟೈಮ್ ಇದೆ.

ಒಂದು ಲೆಕ್ಕದ ಮಾತು. ಶೇ 20 ಅಂದ ತಕ್ಷಣ 1,200 ಯೂರೊ ಬಿಲ್ಲಿಗೆ 240 ಬರುತ್ತದೆ ಅಂತ ಖುಷಿ ಪಡಬೇಡಿ. ತೆರಿಗೆ ಬೆಲೆಯೊಳಗೇ ಸೇರಿರುತ್ತದೆ. ಸಾಮಾನು 1,000, ತೆರಿಗೆ 200. ಆ 200ರಲ್ಲಿ, ದುಡ್ಡು ವಾಪಸ್ ಕೊಡುವ ಕೆಲಸ ಮಾಡುವ ರಿಫಂಡ್ ಕಂಪನಿ ತನ್ನ ಕಮಿಷನ್ ಹಿಡಿಯುತ್ತದೆ. ಫ್ರಾನ್ಸ್‌ನಲ್ಲಿ ಕೈಗೆ ಸಿಗುವುದು ಬಿಲ್ಲಿನ ಶೇ 12ರ ಆಸುಪಾಸು. ಸಾವಿರ ರೂಪಾಯಿಗಿಂತ ಕಡಿಮೆ ಬರುವಂತಿದ್ದರೆ ನಾನಂತೂ ಕ್ಯೂ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಒಂದು ಕಾಫಿ ಕುಡಿಯುತ್ತೇನೆ.

ಎರಡನೇ ಹೆಜ್ಜೆ: ಅಂಗಡಿಯಲ್ಲಿ

ಎಲ್ಲಾ ಅಂಗಡಿಯವರೂ ಇದರಲ್ಲಿ ಇರುವುದಿಲ್ಲ. ಬಾಗಿಲಲ್ಲಿ 'ಟ್ಯಾಕ್ಸ್ ಫ್ರೀ' ಬೋರ್ಡ್ ಇರುತ್ತದೆ. ಇಲ್ಲದಿದ್ದರೆ ದುಡ್ಡು ಕೊಡುವ ಮುಂಚೆ ಕೇಳಿ. ಬಿಲ್ಲು ಆದ ಮೇಲೆ, ಅದರಲ್ಲೂ ಮಾರನೇ ದಿನ ಬಂದು ಕೇಳಿದರೆ ಬಹಳ ಕಡೆ ಆಗುವುದಿಲ್ಲ. ಥಾಯ್ಲೆಂಡ್‌ನಲ್ಲಿ ಪಿ.ಪಿ. 10 ಅನ್ನುವ ಫಾರ್ಮನ್ನು ಕೊಂಡ ದಿನವೇ ಬರೆಸಿಕೊಳ್ಳಬೇಕು.

ಪಾಸ್‌ಪೋರ್ಟ್ ಜೊತೆಗಿರಲಿ. ಹೋಟೆಲ್ ಲಾಕರಿನಲ್ಲಿ ಇಟ್ಟು, ಜೆರಾಕ್ಸ್ ಹಿಡಿದು ಹೋದವರು ವಾಪಸ್ ಬಂದಿದ್ದಾರೆ. ಅಂಗಡಿಯವರು ರಿಫಂಡ್ ಫಾರ್ಮ್ ಕೊಟ್ಟ ಮೇಲೆ ಹೆಸರು, ಪಾಸ್‌ಪೋರ್ಟ್ ನಂಬರ್ ಅಲ್ಲೇ ನಿಂತು ಓದಿ. ಒಂದು ಅಂಕಿ ತಪ್ಪಿದರೆ ವಿಮಾನ ನಿಲ್ದಾಣದಲ್ಲಿ ಯಾರೂ ತಿದ್ದಿಕೊಡುವುದಿಲ್ಲ.

ನಮ್ಮವರ ಇನ್ನೊಂದು ಅಭ್ಯಾಸ, ಐದಾರು ಜನ ಸೇರಿ ಚಿಲ್ಲರೆ ಚಿಲ್ಲರೆ ಕೊಳ್ಳುವುದು. ಬಿಲ್ಲು ಯಾರ ಹೆಸರಲ್ಲಿದೆಯೋ ಅವರೇ ಸಾಮಾನು ಹಿಡಿದು ಹೊರಡಬೇಕು. ಆದ್ದರಿಂದ ಒಂದು ಅಂಗಡಿಯಲ್ಲಿ ಮನೆಯ ಖರೀದಿಯನ್ನು ಒಬ್ಬರ ಹೆಸರಿನಲ್ಲೇ ಮಾಡಿ. ಮಿತಿಯೂ ಬೇಗ ಮುಟ್ಟುತ್ತದೆ. ಲಿಟ್ಲ್ ಇಂಡಿಯಾದ ಮುಸ್ತಫಾ ಸೆಂಟರಿಗೆ ಎರಡು ದಿನ ಎರಡು ಸಲ ಹೋಗುವ ಬದಲು ಒಂದೇ ದಿನ ಮುಗಿಸಿದರೆ ಇದೇ ಲಾಭ.

ಮಗ ಜರ್ಮನಿಯಲ್ಲಿ ಕೆಲಸದಲ್ಲಿದ್ದು, ಅಪ್ಪ-ಅಮ್ಮ ನೋಡಲು ಹೋಗಿದ್ದಾರೆ ಅನ್ನಿ. ಮಗನಿಗೆ ರಿಫಂಡ್ ಇಲ್ಲ, ಅವನು ಈಗ ಅಲ್ಲಿನ ನಿವಾಸಿ. ಅಮ್ಮನಿಗೆ ಉಂಟು. ಅಮ್ಮನಿಗೆ ಅಂತ ಕೊಂಡಿದ್ದು, ಅಮ್ಮನ ಪಾಸ್‌ಪೋರ್ಟ್ ಮೇಲೆ, ಅಮ್ಮನ ಜೊತೆ ಊರಿಗೆ ಹೋಗಬೇಕು.

ಪೇಟೆಯ ಮಧ್ಯೆಯೇ ನಗದು ಕೊಡುವ ರಿಫಂಡ್ ಕೌಂಟರುಗಳೂ ಯುರೋಪಿನಲ್ಲಿ ಇವೆ. ಕೈಗೆ ದುಡ್ಡು ಬಂದಾಯಿತು ಅಂತ ಫಾರ್ಮ್ ಎಸೆದುಬಿಡಬೇಡಿ. ನಿಮ್ಮ ಕ್ರೆಡಿಟ್ ಕಾರ್ಡನ್ನು ಜಾಮೀನು ಇಟ್ಟುಕೊಂಡು ಕೊಟ್ಟಿರುತ್ತಾರೆ. ಹೊರಡುವಾಗ ಸೀಲು ಬೀಳದಿದ್ದರೆ ಅಷ್ಟನ್ನೂ ದಂಡ ಸೇರಿಸಿ ಕಾರ್ಡಿನಿಂದ ಎಳೆದುಕೊಳ್ಳುತ್ತಾರೆ.

ಮೂರನೇ ಹೆಜ್ಜೆ: ಹಿಂದಿನ ರಾತ್ರಿ ಪ್ಯಾಕಿಂಗ್

ರಿಫಂಡ್ ಸಾಮಾನೆಲ್ಲ ಒಂದೇ ಸೂಟ್‌ಕೇಸಿನಲ್ಲಿ, ಮೇಲುಗಡೆ ಇರಲಿ. ಚಕ್ಕುಲಿ ಡಬ್ಬಿ, ಮಂಡಕ್ಕಿ ಪಾಕೀಟು, ಒಗೆಯದ ಬಟ್ಟೆ ಎಲ್ಲಾ ಕೆಳಗೆ. ಕಸ್ಟಮ್ಸ್‌ನವರು ತೆಗಿ ಅಂದಾಗ ಇಡೀ ಸಂಸಾರವನ್ನು ನೆಲದ ಮೇಲೆ ಹರಡಬಾರದು. ಬೆಲೆ ಚೀಟಿ ಕಿತ್ತುಹಾಕಬೇಡಿ. ಹೊಸ ಶೂ ಹಾಕಿಕೊಂಡು ಹೋಗಬೇಡಿ, ಬಳಸಿದ ಸಾಮಾನಿಗೆ ಸೀಲು ಹಾಕಲ್ಲ ಅಂದರೆ ವಾದ ಮಾಡುವ ಹಾಗಿಲ್ಲ. ಸಣ್ಣದು, ಬೆಲೆಯುಳ್ಳದ್ದು, ಅಂದರೆ ವಾಚು, ಒಡವೆ, ಮೊಬೈಲು ಕೈಚೀಲದಲ್ಲಿ. ಫಾರ್ಮುಗಳು, ಅಸಲಿ ಬಿಲ್ಲುಗಳು, ಪಾಸ್‌ಪೋರ್ಟ್ ಒಂದೇ ಕವರಿನಲ್ಲಿ. ಫಾರ್ಮುಗಳ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ಆ ರಾತ್ರಿಯೇ ಟೂರ್ ಮ್ಯಾನೇಜರಿಗೆ ಎರಡು ಮಾತು ಹೇಳಿ. ನಾನು ಒಂದು ಗಂಟೆ ಮುಂಚೆ ಹೋಗುತ್ತೇನೆ, ಮತ್ತೆ ನನ್ನ ಪಾಸ್‌ಪೋರ್ಟ್ ನನ್ನ ಹತ್ತಿರ ಇರಲಿ. ಗುಂಪಿನಲ್ಲಿ ಎಲ್ಲರ ಪಾಸ್‌ಪೋರ್ಟನ್ನೂ ಒಟ್ಟಿಗೆ ತೆಗೆದುಕೊಂಡು, ಲಗೇಜ್ ಎಲ್ಲಾ ಒಟ್ಟಿಗೆ ನೂಕಿಬಿಡುತ್ತಾರೆ. ಅವರ ಕಷ್ಟ ಅವರಿಗೆ. ಆದರೆ ನಿಮ್ಮ ಬಿಲ್ಲು ಇರುವುದು ಜೇಬಿನಲ್ಲಿ, ಪಾಸ್‌ಪೋರ್ಟ್ ಅವರ ಕೈಯಲ್ಲಿ, ಸಾಮಾನು ಬೆಲ್ಟಿನ ಮೇಲೆ. ಮೂರೂ ಮೂರು ಕಡೆ ಆದ ಮೇಲೆ ಯಾವ ಯಂತ್ರವೂ ದುಡ್ಡು ಕೊಡುವುದಿಲ್ಲ.

ನಾಲ್ಕನೇ ಹೆಜ್ಜೆ: ವಿಮಾನ ನಿಲ್ದಾಣದಲ್ಲಿ

ಒಳಗೆ ಕಾಲಿಟ್ಟ ತಕ್ಷಣ ಏರ್‌ಲೈನ್ ಕ್ಯೂ ಸೇರಬೇಡಿ. 'ಟ್ಯಾಕ್ಸ್ ರಿಫಂಡ್' ಅಥವಾ 'ಕಸ್ಟಮ್ಸ್' ಬೋರ್ಡ್ ಎಲ್ಲಿದೆ ಅಂತ ಮೊದಲು ನೋಡಿ.

ಚಾಂಗಿಯಲ್ಲಿ ಯಂತ್ರಗಳು ಎರಡು ಕಡೆ ಇವೆ. ಚೆಕ್‌ಇನ್ ಹಾಲ್‌ನಲ್ಲಿ ಇರುವುದು ಸೂಟ್‌ಕೇಸಿನಲ್ಲಿ ಹೋಗುವ ಸಾಮಾನಿಗೆ. ಇಮಿಗ್ರೇಷನ್ ದಾಟಿದ ಮೇಲೆ ಇರುವುದು ಕೈಚೀಲದ ಸಾಮಾನಿಗೆ. ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿದರೆ ನಿಮ್ಮ ಖರೀದಿಗಳು ಪರದೆ ಮೇಲೆ ಬರುತ್ತವೆ. ನಗದೋ ಕಾರ್ಡೋ ಆರಿಸಿ. 'ಮಂಜೂರು' ಅಂತ ಬಂದರೆ ಹೋಗಿ ಲಗೇಜ್ ಕೊಡಿ. ತಪಾಸಣೆ ಅಂತ ಬಂದರೆ ಸೂಟ್‌ಕೇಸ್ ಎಳೆದುಕೊಂಡು ಪಕ್ಕದ ಕಸ್ಟಮ್ಸ್ ಕೌಂಟರಿಗೆ. ನಾನು ಜಾರಿದ್ದು ಇದೇ ಜಾಗದಲ್ಲಿ.

ದುಬೈಯಲ್ಲೂ ಲಗೇಜ್ ಕೊಡುವ ಮುಂಚೆ ಪ್ಲಾನೆಟ್ ಅನ್ನುವ ರಿಫಂಡ್ ಕಂಪನಿಯ ಕೌಂಟರಿಗೆ ಅಥವಾ ಯಂತ್ರಕ್ಕೆ ಹೋಗಬೇಕು. ಥಾಯ್ಲೆಂಡ್‌ನಲ್ಲಿ ಖರೀದಿ ದೊಡ್ಡದಿದ್ದರೆ ಚೆಕ್‌ಇನ್‌ಗೆ ಮುಂಚೆ ಫಾರ್ಮಿಗೆ ಕಸ್ಟಮ್ಸ್ ಸೀಲು, ಇಮಿಗ್ರೇಷನ್ ದಾಟಿದ ಮೇಲೆ ದುಡ್ಡು. ಬೆಲೆಬಾಳುವ ಒಡವೆ, ವಾಚಿನಂಥ ಸಾಮಾನನ್ನು ಒಳಗೆ ಮತ್ತೊಮ್ಮೆ ತೋರಿಸಬೇಕಾಗುತ್ತದೆ, ಅದಕ್ಕೇ ಕೈಚೀಲ ಅಂದಿದ್ದು. ಫ್ರಾನ್ಸ್‌ನಲ್ಲಿ ಪಾಬ್ಲೋ ಅನ್ನುವ ಯಂತ್ರ ಇದೆ, ಸ್ಪೇನ್‌ನಲ್ಲಿ ದೀವಾ. ಫಾರ್ಮಿನ ಬಾರ್‌ಕೋಡ್ ತೋರಿಸಿದರೆ ಯಂತ್ರವೇ ಮಂಜೂರು ಮಾಡುತ್ತದೆ. ಕಾಗದದ ಸೀಲೇ ಬೇಕಾಗಿಲ್ಲ.

ಫ್ರಾಂಕ್‌ಫರ್ಟ್‌ನ ಕ್ರಮ ಸ್ವಲ್ಪ ಉಲ್ಟಾ. ಮೊದಲು ಏರ್‌ಲೈನ್ ಕೌಂಟರಿಗೆ ಹೋಗಿ, "ಇದರಲ್ಲಿ ಟ್ಯಾಕ್ಸ್ ಫ್ರೀ ಸಾಮಾನಿದೆ" ಅನ್ನಬೇಕು. ಅವರು ಬೆಂಗಳೂರಿನ ಟ್ಯಾಗ್ ಅಂಟಿಸಿ ಸೂಟ್‌ಕೇಸನ್ನು ನಿಮಗೇ ವಾಪಸ್ ಕೊಡುತ್ತಾರೆ. ಅದನ್ನು ಕಸ್ಟಮ್ಸ್‌ಗೆ ಒಯ್ದು, ಸಾಮಾನು ತೋರಿಸಿ, ಸೀಲು ಹಾಕಿಸಿದ ಮೇಲೆ ಅಲ್ಲಿಂದಲೇ ಒಳಗೆ ಹೋಗುತ್ತದೆ. ಆ ಒಂದು ಮಾತು ಹೇಳುವುದು ಮರೆತರೆ ಸೂಟ್‌ಕೇಸ್ ಮತ್ತೆ ಕಾಣುವುದು ದೇವನಹಳ್ಳಿಯಲ್ಲೇ.

ಒಕ್ಕೂಟದೊಳಗೇ ವಿಮಾನ ಬದಲಿಸುವವರು, ಉದಾಹರಣೆಗೆ ರೋಮ್‌ನಿಂದ ಫ್ರಾಂಕ್‌ಫರ್ಟ್ ಮೂಲಕ ಬೆಂಗಳೂರಿಗೆ, ಹೀಗೆ ನೆನಪಿಡಿ: ಸೂಟ್‌ಕೇಸ್ ರೋಮ್‌ನಿಂದ ನೇರ ಬೆಂಗಳೂರಿಗೆ ಹೋಗುವುದಾದರೆ ಅದರ ಸಾಮಾನಿಗೆ ರೋಮ್‌ನಲ್ಲೇ ಸೀಲು. ಕೈಚೀಲದ ಸಾಮಾನಿಗೆ ಫ್ರಾಂಕ್‌ಫರ್ಟ್‌ನಲ್ಲಿ.

ನಗದೋ, ಕಾರ್ಡೋ?

ಕಸ್ಟಮ್ಸ್ ಮಂಜೂರು ಮಾಡುವುದು ಬೇರೆ, ದುಡ್ಡು ಕೊಡುವುದು ಬೇರೆ. ದುಡ್ಡು ಕೊಡುವವರು ಗ್ಲೋಬಲ್ ಬ್ಲೂ, ಪ್ಲಾನೆಟ್ ಥರದ ಕಂಪನಿಗಳು. ಸೀಲು ಬಿದ್ದ ಫಾರ್ಮನ್ನು ಅವರ ಕೌಂಟರಿಗೆ ಕೊಡಬೇಕು, ಇಲ್ಲವೇ ಡಬ್ಬಿಗೆ ಹಾಕಬೇಕು. ಸೀಲು ಹಾಕಿಸಿ ಫಾರ್ಮನ್ನು ಜೇಬಿನಲ್ಲೇ ಇಟ್ಟುಕೊಂಡು ಊರಿಗೆ ಬಂದವರನ್ನು ನೋಡಿದ್ದೇನೆ.

ನಗದಿಗೆ ಶುಲ್ಕ ಜಾಸ್ತಿ. ಥಾಯ್ಲೆಂಡ್‌ನಲ್ಲಿ 100 ಬಾತ್ ಹಿಡಿಯುತ್ತಾರೆ. ರೂಪಾಯಿಯಲ್ಲಿ ಕೊಡಲಾ ಅಂದರೆ ಬೇಡ ಅನ್ನಿ, ಅಲ್ಲಿನ ವಿನಿಮಯ ದರ ಅವರದ್ದೇ. ಆ ದೇಶದ ದುಡ್ಡೇ ತೆಗೆದುಕೊಳ್ಳಿ. ಮೊತ್ತ ದೊಡ್ಡದಿದ್ದರೆ ಕ್ರೆಡಿಟ್ ಕಾರ್ಡೇ ಒಳ್ಳೆಯದು, ಕೆಲವು ವಾರ ಕಾಯಬೇಕು ಅಷ್ಟೆ. ಮೊದಲೇ ತೆಗೆದಿಟ್ಟುಕೊಂಡ ಫೋಟೋ ಈಗ ಬೇಕಾಗುತ್ತದೆ. ದುಡ್ಡು ಬರದಿದ್ದರೆ ಫಾರ್ಮಿನ ನಂಬರ್ ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ಎಲ್ಲಿಗೆ ಬಂದಿದೆ ಅಂತ ನೋಡಬಹುದು.

ಕೊನೆಯ ಹೆಜ್ಜೆ: ಬೆಂಗಳೂರಿನಲ್ಲಿ ಇಳಿದಾಗ

ಅಲ್ಲಿ ತೆರಿಗೆ ವಾಪಸ್ ಬಂತು ಅಂದರೆ ಇಲ್ಲಿ ಸುಂಕ ಇಲ್ಲ ಅಂತ ಅರ್ಥ ಅಲ್ಲ. ನಮ್ಮ ಬ್ಯಾಗೇಜ್ ನಿಯಮದಲ್ಲಿ ಸುಂಕವಿಲ್ಲದೆ ತರಬಹುದಾದ ಸಾಮಾನಿಗೆ ಮಿತಿ ಇದೆ. 2016ರ ನಿಯಮದಲ್ಲಿ ಅದು ತಲೆಗೆ 50 ಸಾವಿರ ರೂಪಾಯಿ ಇತ್ತು. ಈ ಅಂಕಿ ಬದಲಾಗುತ್ತಿರುತ್ತದೆ, ಹೊರಡುವ ವಾರ ಕಸ್ಟಮ್ಸ್ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿ. ಗಂಡನ ಮಿತಿ, ಹೆಂಡತಿಯ ಮಿತಿ ಸೇರಿಸಿ ಒಂದೇ ದೊಡ್ಡ ಸಾಮಾನಿಗೆ ಬಳಸುವ ಹಾಗಿಲ್ಲ. ಮಿತಿ ದಾಟಿದ್ದರೆ ರೆಡ್ ಚಾನೆಲ್‌ನಲ್ಲಿ, ಅಂದರೆ ಸುಂಕದ ಸಾಮಾನು ಇದ್ದವರು ಹೋಗುವ ದಾರಿಯಲ್ಲಿ, ಹೋಗಿ ಹೇಳಿ.

ಚಿನ್ನದ ವಿಷಯ ಬೇರೆಯಾಗಿಯೇ ಹೇಳಬೇಕು, ಯಾಕಂದರೆ ದುಬೈ ಅಂದ ತಕ್ಷಣ ನಮ್ಮೂರಲ್ಲಿ ಮೊದಲು ನೆನಪಾಗುವುದು ಅದೇ. ಒಡವೆಗೆ ಇರುವ ಸುಂಕದ ರಿಯಾಯಿತಿ ಒಂದು ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿ ಇದ್ದು ಬರುವವರಿಗೆ. ನಾಲ್ಕು ರಾತ್ರಿ ಐದು ಹಗಲಿನ ಪ್ಯಾಕೇಜಿನವರಿಗೆ ಅಲ್ಲ. ಹೋದ ತಿಂಗಳು ಒಬ್ಬ ಯಜಮಾನರು ಮಗಳ ಮದುವೆಗೆ ಅಂತ ದುಬೈಯಲ್ಲಿ ಸರ ತರುವ ಲೆಕ್ಕ ಹಾಕಿಕೊಂಡು ಬಂದಿದ್ದರು. ಅಲ್ಲಿನ ಶೇ 5ರಲ್ಲಿ ವಾಪಸ್ ಬರುವುದನ್ನು ಒಂದು ಕಡೆ, ಇಲ್ಲಿ ಕಟ್ಟಬೇಕಾದ ಸುಂಕವನ್ನು ಇನ್ನೊಂದು ಕಡೆ ಬರೆದು ಹಾಳೆಯನ್ನು ಅವರ ಮುಂದೆ ತಿರುಗಿಸಿದೆ. ಒಂದು ನಿಮಿಷ ನೋಡಿ, "ಹಂಗಾದ್ರೆ ನಮ್ಮೂರಲ್ಲೇ ಮಾಡಿಸ್ತೀನಿ ಬಿಡ್ರಿ" ಅಂದರು.

ಇದರ ಉಲ್ಟಾ ಕೂಡ ಒಂದಿದೆ. ಮನೆಯ ಹಳೇ ಒಡವೆ ಹಾಕಿಕೊಂಡು ವಿದೇಶಕ್ಕೆ ಹೋಗುವವರು, ಅಥವಾ ದುಬಾರಿ ಕ್ಯಾಮೆರಾ ಒಯ್ಯುವವರು, ಹೊರಡುವಾಗಲೇ ಬೆಂಗಳೂರು ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಬರುವಾಗ ಇದು ಅಲ್ಲಿಂದ ತಂದಿದ್ದಲ್ಲ, ನಮ್ಮದೇ ಅಂತ ತೋರಿಸಲು ಆ ಚೀಟಿ ಬೇಕು. ಅದಕ್ಕೂ ಸಾಮಾನು ಕೈಯಲ್ಲಿರಬೇಕು, ಸೂಟ್‌ಕೇಸ್ ಕೊಟ್ಟ ಮೇಲೆ ಆಗುವುದಿಲ್ಲ.